ಯಾವ ಸಂಬಂಧವೂ ಇಲ್ಲ

"ಈ ಛಾವಣಿ ನಿಲ್ಲುವುದಿಲ್ಲ."

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ಅದೂ ಇಂಗ್ಲಿಷಿನಲ್ಲಿ, ಮುಖ ಕೂಡ ಎತ್ತದೆ, ಅವಳು ಕೂತು ನಿಂತು ಮಾಡಿದ ಲೆಕ್ಕದ ಮೇಲೆ ಕೆಂಪು ಪೆನ್ನಿನಿಂದ ಗೀರೆಳೆಯುತ್ತ ಹೇಳಿದ್ದ.

ಗುರವ್ವ ಹಿರೇಮಠಳಿಗೆ ಮೈ ಉರಿದುಹೋಯಿತು. ಹೈಡೆಲ್‌ಬರ್ಗಿಗೆ ಬಂದು ಇನ್ನೂ ಸರಿಯಾಗಿ ಚೀಲ ಬಿಚ್ಚಿರಲಿಲ್ಲ. ಗದಗಿನ ಹುಡುಗಿ, ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು. ಆದರೆ ಜರ್ಮನಿ ಆಗ ಗ್ರೀನ್ ಕಾರ್ಡ್ ಕೊಡುತ್ತಿದ್ದದ್ದು ಕಂಪ್ಯೂಟರಿನವರಿಗೆ ಮಾತ್ರ. ಅದಕ್ಕೆಂದೇ ಪ್ರೋಗ್ರಾಮಿಂಗ್ ಕಲಿತು, ಕಟ್ಟಡಗಳ ಬಲವನ್ನು ಲೆಕ್ಕಹಾಕುವ ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದಳು. ಹೀಗಾದರೂ ಎಂಜಿನಿಯರಾಗಿ ಉಳಿಯಬಹುದು ಎಂಬ ಆಸೆ. ಅಷ್ಟರಲ್ಲಿ ಇವನೊಬ್ಬ.

"ನಿನ್ನ ಹೆಣಾ ಎತ್ತಲಿ," ಎಂದು ಹಲ್ಲು ಕಚ್ಚಿಕೊಂಡು ಗೊಣಗಿದಳು.

ಕೆಂಪು ಪೆನ್ನು ತಟ್ಟನೆ ನಿಂತಿತು.

"ಎತ್ತೋದಾದ್ರೆ ಆಮೇಲೆ ಎತ್ತಿ," ಅವನು ಅಚ್ಚ ಮೈಸೂರು ಕನ್ನಡದಲ್ಲಿ ಹೇಳಿದ. "ಮೊದಲು ಹಿಮದ ಭಾರ ಸೇರಿಸಿ. ನಿಮ್ಮ ಹುಬ್ಬಳ್ಳಿ ಕಡೆ ಛಾವಣಿ ಮೇಲೆ ಹಿಮ ಬೀಳಲ್ಲ. ಇಲ್ಲಿ ಬೀಳತ್ತೆ."

ಗುರವ್ವ ನಾಲಗೆ ಕಚ್ಚಿಕೊಂಡಳು. ಹಿಮವನ್ನು ಅವಳು ನಿಜಕ್ಕೂ ಮರೆತಿದ್ದಳು.

ಅವನ ಹೆಸರು ಸುಹಾಸ್ ಮೂರ್ತಿ. ಆ ಆಫೀಸಿನಲ್ಲಿ ಬೇರೆಯವರ ಲೆಕ್ಕವನ್ನು ಪರೀಕ್ಷಿಸುವುದು ಅವನ ಕೆಲಸ. ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಗಂಡಸನ್ನು ಯಾವ ಹೆಣ್ಣಾದರೂ ಪ್ರೀತಿಸುತ್ತಾಳೆಯೇ ಎಂದು ನೀವು ಕೇಳಬಹುದು. ಗುರವ್ವ ಪ್ರೀತಿಸಿದಳು.

ಭಾನುವಾರಗಳಂದು ಅವಳ ಚಿಕ್ಕ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವಾಗ, ಕೆಳಗಿನ ಮನೆಯ ಅಜ್ಜಿ ಪೊರಕೆಯ ಹಿಡಿಯಿಂದ ಛಾವಣಿ ಕುಟ್ಟುತ್ತಿದ್ದಳು. ಭಾನುವಾರ ರೂಹೆಸೈಟ್, ಸದ್ದು ಕೂಡದು.

"ಮೆತ್ತಗೆ ತಟ್ಟೇ ಮಾರಾಯ್ತಿ. ಪೊಲೀಸ್ ಕರೀತಾಳೆ ಅಷ್ಟೇ," ಎನ್ನುತ್ತಿದ್ದ ಸುಹಾಸ್.

"ಮೆತ್ತಗ ಬಡದ್ರ ಅದು ರೊಟ್ಟಿ ಅಲ್ಲ, ನಿಮ್ಮ ಮೈಸೂರು ದ್ವಾಸಿ," ಎಂದು ಅವಳು ಗಟ್ಟಿಯಾಗಿ ನಗುತ್ತಿದ್ದಳು.

ಅಂಥ ಒಂದು ನಗುವಿನ ನಡುವೆಯೇ ಒಮ್ಮೆ ಅವನಿಗೆ ಫೋನ್ ಬಂತು. ಮೈಸೂರಿನಿಂದ ತಾಯಿ ವೆಂಕಟಲಕ್ಷ್ಮಮ್ಮ.

"ಯಾರೋ ಅದು ಹಿಂದೆ ನಗ್ತಿರೋದು?"

"ಯಾರೂ ಇಲ್ಲಮ್ಮ... ಟಿವಿ."

ಗುರವ್ವನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಫೋನಿಟ್ಟ ಮೇಲೆ ಅವನು, "ಅಮ್ಮನಿಗೆ ಟೈಮ್ ನೋಡ್ಕೊಂಡು ಹೇಳ್ತೀನಿ, ಒಂದೇ ಸಲಕ್ಕೆ ತಡ್ಕೊಳ್ಳಲ್ಲ ಅವರು," ಎಂದ. ಜಾತಿ ಬೇರೆ, ಊರು ಬೇರೆ, ಸ್ವಲ್ಪ ತಾಳ್ಮೆ ಬೇಕು ಎಂದ. ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ? ಅಷ್ಟರಲ್ಲಿ ಪೂರ್ತಿ ಮುಳುಗಿದ್ದಳು.

ಆ ಶರತ್ಕಾಲದಲ್ಲಿ ಕಂಪನಿಗೆ ದೊಡ್ಡ ಕೆಲಸವೊಂದು ಬಂತು. ಜರ್ಮನಿ ತನ್ನ ಕಟ್ಟಡ ಕಾನೂನನ್ನು ತಿದ್ದಿ ಯುರೋಪಿನ ಅಳತೆಗೆ ಹೊಂದಿಸುತ್ತಿತ್ತು. ಹಳೆಯ ನಿಯಮದಲ್ಲಿ ಇಡೀ ಕಟ್ಟಡಕ್ಕೆ ಸುರಕ್ಷತೆಯ ಒಂದೇ ದೊಡ್ಡ ಅಂಕಿ. ಹೊಸದರಲ್ಲಿ ಹಾಗಲ್ಲ, ಭಾರದ ಬಗ್ಗೆ ನಿಮಗೆಷ್ಟು ಅನುಮಾನ, ಕಾಂಕ್ರೀಟಿನ ಬಗ್ಗೆ ಎಷ್ಟು, ಉಕ್ಕಿನ ಬಗ್ಗೆ ಎಷ್ಟು ಎಂದು ಒಂದೊಂದನ್ನೂ ಬೇರೆಯಾಗಿ ಒಪ್ಪಿಕೊಳ್ಳಬೇಕು. ಹಾಗಾದರೆ ಶಾಲೆಯ ಮಕ್ಕಳು ಆಡುವ ಹಳೆಯ ಒಳಾಂಗಣಗಳ, ಅಂದರೆ ಟುರ್ನ್‌ಹಾಲೆಗಳ ಛಾವಣಿ ಹೊಸ ನಿಯಮದಲ್ಲೂ ಗಟ್ಟಿಯೇ, ಅಥವಾ ಬಿಚ್ಚಿ ಬಲಪಡಿಸಬೇಕೇ? ರಾಜ್ಯದ ಸಮಿತಿಗೆ ಈ ಉತ್ತರ ಬೇಕಿತ್ತು. ಆ ಉತ್ತರ ನೇರ ಕಾನೂನಿನೊಳಗೆ ಸೇರಲಿತ್ತು.

ಲೆಕ್ಕ ಹಾಕಲು ಗುರವ್ವನನ್ನು ಆರಿಸಿದರು, ಪರೀಕ್ಷಿಸಲು ಸುಹಾಸನನ್ನು.

ಅಂಥ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಲೆಕ್ಕ ಹಾಕಿದವರಿಗೂ ಪರೀಕ್ಷಿಸುವವರಿಗೂ ನಂಟಿರಬಾರದು. ಗಂಡ ಹೆಂಡತಿಯಾಗಲಿ, ಅಣ್ಣ ತಂಗಿಯಾಗಲಿ, ಮದುವೆಯಾಗಲಿರುವವರಾಗಲಿ ಕೂಡದು. ಕಂಪನಿಯ ಮುಖ್ಯಸ್ಥ ಡಾಕ್ಟರ್ ಲೇನರ್ಟ್ ಎಲ್ಲರೆದುರು, ಕಾಫಿಗೆ ಹಾಲು ಬೇಕೇ ಎನ್ನುವಷ್ಟೇ ಸಲೀಸಾಗಿ ಕೇಳಿದ.

"ಹೆರ್ ಮೂರ್ತಿ, ನಿಮಗೂ ಫ್ರಾವ್ ಹಿರೇಮಠ ಅವರಿಗೂ ಏನಾದರೂ ವೈಯಕ್ತಿಕ ಸಂಬಂಧ?"

"ನೈನ್. ಯಾವ ಸಂಬಂಧವೂ ಇಲ್ಲ."

ಒಂದು ಕ್ಷಣ ಯೋಚಿಸಲೂ ಇಲ್ಲ ಅವನು. ಗುರವ್ವನಿಗೆ ನೋವಾದದ್ದು ಅದಕ್ಕೇ. ತಡವರಿಸಿದ್ದರೆ, ಒಮ್ಮೆ ಉಗುಳು ನುಂಗಿದ್ದರೆ, ಅವಳು ಬಹುಶಃ ಕ್ಷಮಿಸುತ್ತಿದ್ದಳು. ಅವಳೂ ಆಗ ಬಾಯಿ ಬಿಡಲಿಲ್ಲವೆನ್ನಿ. ಆ ಕೆಲಸ ಅವಳಿಗೂ ಬೇಕಿತ್ತು. ಆದರೆ ಆ ಮಾತನ್ನು ಅವಳು ತನಗೆ ತಾನೇ ಹೇಳಿಕೊಳ್ಳಲು ಇನ್ನೂ ಬಹಳ ಕಾಲ ಬೇಕಾಯಿತು.

ಕಾರಿಡಾರಿನಲ್ಲಿ ಅವನು ಹಿಂದೆ ಓಡಿಬಂದ.

"ಕೇಳು ಇಲ್ಲಿ. ಹೌದು ಅಂದಿದ್ರೆ ಇಬ್ಬರಲ್ಲಿ ಒಬ್ಬರನ್ನ ತೆಗೀತಿದ್ರು. ಹೊಸಬಳು ನೀನು, ನಿನ್ನನ್ನೇ ತೆಗೀತಿದ್ರು. ಅದಕ್ಕೆ..."

"ನಿಮ್ಮವ್ವಗ ಟಿವಿ ಅಂದ್ರಿ. ಇವರಿಗೆ ಏನೂ ಇಲ್ಲ ಅಂದ್ರಿ." ನೀ ಎನ್ನುತ್ತಿದ್ದವಳು ಅಂದು ನೀವು ಎಂದಳು. "ನನ್ನ ಹೆಸರು ಹೇಳಾಕ ನಿಮಗ ನಾಚಿಕಿ ಐತಿ, ಅಷ್ಟ ಖರೇ. ಇನ್ನೊಬ್ಬರ ಮುಂದ ನಿಂತು ಇಲ್ಲ ಅಂದಿದ್ದು ಇನ್ನ ಮ್ಯಾಲ ಖರೇನ ಇಲ್ಲ."

'ಒಂದು ಸಲ... ಒಂದೇ ಒಂದು ಸಲ ಯಾರ ಮುಂದಾದರೂ ಹೌದು ಅನ್ನು' ಎಂದು ಅವಳ ಜೀವ ಅರಚುತ್ತಿತ್ತು. ಅವನಿಗೆ ಕೇಳಿಸಲಿಲ್ಲ.

ಆಮೇಲೆ ಬಂದದ್ದು ಕಹಿಯ ದಿನಗಳು. ಅವಳು ಒಂದು ಕೋಣೆಯಲ್ಲಿ ಲೆಕ್ಕ ಹಾಕಿದಳು, ಅವನು ಅದರಾಚೆಯ ಕೋಣೆಯಲ್ಲಿ ಪರೀಕ್ಷಿಸಿದ. ಹಾಳೆಗಳು ಹೋದವು, ಬಂದವು, ತುಂಬ ಕೆಂಪು. ಬೇರೆಯವರ ಲೆಕ್ಕದಲ್ಲಿ ಒಮ್ಮೆ ನೋಡಿ ಬಿಡುವುದನ್ನು ಅವಳದರಲ್ಲಿ ಮತ್ತೆ ಮತ್ತೆ ಕೆದಕುತ್ತಿದ್ದ. ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಅವನು ಕ್ಯಾಂಟೀನಿಗೆ ಬಂದರೆ ಅವಳು ಎದ್ದುಹೋಗುತ್ತಿದ್ದಳು. ಭಾನುವಾರ ರೊಟ್ಟಿ ಬಡಿಯುವುದನ್ನೂ ಬಿಟ್ಟಳು. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬಳಿ ಸಿಕ್ಕಾಗ, ಹುಷಾರಿಲ್ಲವೇ ಎಂದು ಕೇಳಿದಳು.

ಎರಡನೆಯ ಚಳಿಗಾಲದ ಕೊನೆಯಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸಮಿತಿಯ ಸಭೆ. ಲೇನರ್ಟ್ ಕಾರಿನಲ್ಲಿ ಮುಂದೆ ಹೋಗಿದ್ದ. ಇವರಿಬ್ಬರಿಗೂ ಸೇರಿಸಿ ಕಂಪನಿ ಇಡೀ ದಿನಕ್ಕೆ ನಡೆಯುವ ಒಂದೇ ರೈಲು ಟಿಕೆಟ್ ಕೊಟ್ಟಿತ್ತು, ಅದು ಸುಹಾಸನ ಕೈಯಲ್ಲಿತ್ತು. ಟಿಕೆಟ್ ನೋಡುವ ಹೆಂಗಸು ಬಂದು ಕೇಳಿದಳು.

"ನೀವಿಬ್ಬರೂ ಜೊತೆಯವರೇ?"

"ಅಲ್ಲ," ಎಂದು ಗುರವ್ವ ಆಚೆಯ ಸಾಲಿನಿಂದಲೇ ಹೇಳಿ, ತಾನೇ ಕೊಂಡಿದ್ದ ಹೋಗಿಬರುವ ಟಿಕೆಟ್ ತೋರಿಸಿದಳು. ಅವನ ಮುಖ ಸಣ್ಣಗಾಯಿತು. ಅವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಸಭೆ ಚೆನ್ನಾಗಿಯೇ ನಡೆಯಿತು. ಅಧ್ಯಕ್ಷೆ ಪ್ರೊಫೆಸರ್ ವೈಡೆಮಾನ್, ನರೆತ ಕೂದಲಿನ ಹಳೆಯ ಎಂಜಿನಿಯರ್, ಗುರವ್ವನ ವರದಿಯನ್ನು ಮುಚ್ಚಿಟ್ಟು, "ಸ್ವಚ್ಛವಾದ ಕೆಲಸ," ಎಂದಳು. ಈ ಬಗೆಯ ಟುರ್ನ್‌ಹಾಲೆಗಳ ಛಾವಣಿಗಳು ಗಟ್ಟಿಯಾಗಿವೆ, ಮುಟ್ಟಬೇಕಿಲ್ಲ. ಇದು ಗುರವ್ವನ ಉತ್ತರ. ಗದಗಿನ ಹುಡುಗಿಯ ಲೆಕ್ಕ ಈ ದೇಶದ ಕಾನೂನಾಗಲು ಒಂದೇ ಪ್ರಶ್ನೆ ಬಾಕಿಯಿತ್ತು.

"ಪದ್ಧತಿಗೆಂದು ಕೇಳುತ್ತಿದ್ದೇನೆ. ಪರೀಕ್ಷಿಸಿದವರು ಸ್ವತಂತ್ರರು ತಾನೆ?"

ಸುಹಾಸ್ ಎದ್ದು ನಿಂತ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ.

"ಅಲ್ಲ," ಎಂದ.

ಲೇನರ್ಟ್ ಕಾಫಿ ಕಪ್ಪನ್ನು ಕೆಳಗಿಟ್ಟ.

"ನಾನು ಫ್ರಾವ್ ಹಿರೇಮಠ ಅವರನ್ನು ಪ್ರೀತಿಸುತ್ತೇನೆ. ಈ ಕೆಲಸ ಶುರುವಾಗುವ ಮೊದಲಿನಿಂದಲೂ. ಅಂದು ಕೇಳಿದಾಗ ಸುಳ್ಳು ಹೇಳಿದ್ದೆ. ಅದು ನನ್ನ ಸುಳ್ಳು, ಅವರದಲ್ಲ."

ಯಾರೂ ನಗಲಿಲ್ಲ. ವೈಡೆಮಾನ್ ಕನ್ನಡಕ ತೆಗೆದು ಅವನನ್ನು ನೋಡಿದಳು. "ಹಾಗಾದರೆ ಈ ಪರೀಕ್ಷೆ ಅಸಿಂಧು. ಲೆಕ್ಕದಲ್ಲೂ ನಿಮ್ಮ ತಿದ್ದುಪಡಿಗಳಿವೆ. ಲೆಕ್ಕ, ಪರೀಕ್ಷೆ ಎರಡೂ ಮೊದಲಿನಿಂದ ಆಗಬೇಕು," ಎಂದು ವರದಿಯನ್ನು ಮೇಜಿನ ಆಚೆಗೆ ಸರಿಸಿದಳು.

ಲೇನರ್ಟ್ ಹೊರಗೆ ಬಂದು ಸುಹಾಸನಿಗೆ ಒಂದೇ ವಾಕ್ಯ ಹೇಳಿದ. ನಾಳೆಯಿಂದ ಬರಬೇಕಿಲ್ಲ. ಗುರವ್ವನ ಕೆಲಸ ಉಳಿಯಿತು, ಸುಳ್ಳು ತನ್ನದೆಂದು ಅವನೇ ಹೇಳಿದ್ದನಲ್ಲ. ಗ್ರೀನ್ ಕಾರ್ಡ್ ಇದ್ದದ್ದು ಕೆಲಸದ ಮೇಲೆ, ಕೆಲಸ ಹೋದರೆ ದೇಶ ಬಿಡುವುದೇ ದಾರಿ ಎಂಬುದು ಮೂವರಿಗೂ ಗೊತ್ತಿತ್ತು.

ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಗುರವ್ವ ಅವನತ್ತ ತಿರುಗಿದಳು. ಅವಳ ಕಣ್ಣು ಕೆಂಡವಾಗಿತ್ತು.

"ಅವತ್ತು ಇಲ್ಲ ಅಂದು ನನ್ನ ಕಳಕೊಂಡ್ರಿ. ಇವತ್ತು ಹೌದು ಅಂದು ನನ್ನ ದುಡಿಮಿ ಕಳದ್ರಿ. ನಿಮಗ ಯಾವಾಗ ಏನ್ ಹೇಳಬೇಕು ಅನ್ನೂದರ ಗೊತ್ತೈತೇನು?"

"ಇಲ್ಲ," ಎಂದ ಅವನು.

"ಮತ್ತ ಇವತ್ತರ ಸುಮ್ಮನ ಕುಂದ್ರಬೇಕಿತ್ತು. ಲೆಕ್ಕಾ ಸರಿ ಇತ್ತಲ್ಲ?"

"ಅದೇ ಗೊತ್ತಾಗ್ಲಿಲ್ಲ ಗುರವ್ವ." "ಹಿಮದ ಭಾರದ ಪುಟ ಇದೆಯಲ್ಲ, ಅದನ್ನ ಎಷ್ಟು ಸಲ ನೋಡಿದೀನೋ. ಪ್ರತಿ ಸಲಾನೂ ಸರಿ ಕಾಣತ್ತೆ. ಅದು ಸರಿ ಇದೆಯಾ, ಇಲ್ಲ ನಿನ್ನದು ಅಂತ ನನಗೆ ಸರಿ ಕಾಣ್ತಾ ಇದೆಯಾ... ನನ್ನ ಕಣ್ಣು ನಾನೇ ನಂಬೋಕಾಗ್ಲಿಲ್ಲ. ಕೆಳಗೆ ಮಕ್ಕಳು ಆಡ್ತಿರ್ತಾರೆ."

ಗುರವ್ವನಿಗೆ ಆಗ ಹೊಳೆಯಿತು.

ಅಷ್ಟೊಂದು ಕೆಂಪು ಶಾಯಿ ಸೇಡಿನದಲ್ಲ. ಅವಳ ಮೇಲಿನ ಪ್ರೀತಿಗೆ ಹೆದರಿ ಅವನು ಅಷ್ಟು ಕೆದಕಿದ್ದ. ಅದು ತಿಳಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಒಂದೂವರೆ ವರ್ಷದ ದುಡಿಮೆ ಆ ಮೇಜಿನ ಮೇಲೆ ಉಳಿದಿತ್ತು. ಆದರೂ ಎಲ್ಲರೆದುರು ಎದ್ದು ನಿಂತ ಆ ಮನುಷ್ಯನನ್ನು ಮರೆಯಲು ಅವಳಿಂದ ಆಗಲಿಲ್ಲ. ಅವಳು ಇಷ್ಟು ದಿನ ಕಾದದ್ದೂ ಅದಕ್ಕೇ ಅಲ್ಲವೇ?

ರೈಲಿನಲ್ಲಿ ಅವನು ಕಿಟಕಿಯ ಬಳಿ ಕುಳಿತ. ಅವಳು ಆಚೆಯ ಸಾಲಿನಲ್ಲಿ ಕೂತಳು. ಬೆಳಗಿನ ಹೆಂಗಸೇ ಮತ್ತೆ ಬಂದಳು. ಸುಹಾಸನ ಟಿಕೆಟ್ ನೋಡಿ, ಅವಳತ್ತ ನೋಡಿ, ಗುರುತು ಸಿಕ್ಕದೆ ಮತ್ತೆ ಅದನ್ನೇ ಕೇಳಿದಳು.

"ನೀವಿಬ್ಬರೂ ಜೊತೆಯವರೇ?"

ಸುಹಾಸ್ ಬಾಯಿ ತೆರೆದ. ಉತ್ತರಿಸುವ ಹಕ್ಕು ತನಗಿಲ್ಲವೆನಿಸಿ ಮುಚ್ಚಿದ.

"ಯಾ," ಎಂದಳು ಗುರವ್ವ. "ಜೊತೆಯವರು."

ಹೆಂಗಸು ತಲೆಯಾಡಿಸಿ ಮುಂದೆ ಹೋದಳು. ಗುರವ್ವ ಎದ್ದುಬಂದು ಅವನ ಎದುರು ಕುಳಿತಳು.

"ನಿನ್ನ ಹತ್ರ ಬೇರೆ ಟಿಕೆಟ್ ಇತ್ತಲ್ಲ?" ಎಂದ ಅವನು ಮೆಲ್ಲಗೆ.

"ಪರ್ಸಿನ್ಯಾಗ ಐತಿ. ಇರಲಿ." ಅವಳು ಕಿಟಕಿಯಾಚೆ ನೋಡಿದಳು. "ಅವತ್ತು ನಾನೂ ಸುಮ್ಮನ ಕುಂತಿದ್ದೆ. ನನಗೂ ಕೆಲಸಾ ಬೇಕಿತ್ತು. ನಿನ್ನ ಒಬ್ಬನ್ನ ಬೈದೆ."

ನೀವು ಹೋಗಿ ನೀ ಆದದ್ದನ್ನು ಅವನು ಗಮನಿಸಿದ. ಗಮನಿಸಿದೆನೆಂದು ಹೇಳುವ ಧೈರ್ಯ ಮಾಡಲಿಲ್ಲ.

"ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ," ಎಂದ. "ಅವತ್ತು ನಕ್ಕಿದ್ದು ಟಿವಿ ಅಲ್ಲ ಅಂತ ಹೇಳ್ದೆ."

"ಏನಂದ್ರು?"

"ಫೋನ್ ಇಟ್ಟುಬಿಟ್ರು."

ಅವನು ಮನೆಯ ಬಾಗಿಲನ್ನೂ ಮುಚ್ಚಿಕೊಂಡು ಬಂದಿದ್ದ, ಈ ದೇಶದ್ದನ್ನೂ. ಹೊರಗೆ ಹೊಲಗಳ ಮೇಲೆ ಕೊಳಕು ಹಿಮ ಅಲ್ಲಲ್ಲಿ ಉಳಿದಿತ್ತು.

"ನಾ ಇಲ್ಲೇ ಇರ್ತೀನಿ. ಆ ಲೆಕ್ಕಾ ಮೊದಲಿಂದ ಮಾಡಿ ಮುಗಸ್ತೀನಿ," ಎಂದಳು ಕಡೆಗೆ. "ಮುಗದ ಮ್ಯಾಲ ಮೈಸೂರಿಗೆ ಬರ್ತೀನಿ. ನಿಮ್ಮವ್ವನ ಮುಂದ ನಿಂತು ನಗ್ತೀನಿ, ಟಿವಿ ಹೌದೋ ಅಲ್ಲೋ ಅವರ ನೋಡ್ಲಿ."

ಅವನು ಕಣ್ಣೊರೆಸಿಕೊಂಡ. "ಯಾರು ಚೆಕ್ ಮಾಡ್ತಾರೆ ಈ ಸಲ?"

"ಯಾರರ ಮಾಡ್ಲಿ. ನೀ ಅಲ್ಲ." ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಇನ್ನ ಮ್ಯಾಲ ನನ್ನ ಯಾವ ಲೆಕ್ಕಾನೂ ನೀ ಮುಟ್ಟೂಹಂಗಿಲ್ಲ."

"ಯಾವತ್ತೂ?"

"ಯಾವತ್ತೂ," ಎಂದಳು ಗುರವ್ವ.