ಮುಖವಿಲ್ಲದ ಗೆರೆ

ಗಿಡ್ಡಮ್ಮನ ಎರಡೂ ಕೈಗಳನ್ನು ಹಳೆಯ ಸೀರೆಯ ಪಟ್ಟಿಯಿಂದ ಮಂಚಕ್ಕೆ ಬಿಗಿದಿದ್ದರು. ಮಣಿಕಟ್ಟು ಕಪ್ಪುಗಟ್ಟಿತ್ತು. ಲಕ್ವ ಹೊಡೆದು ಮಾತು ಹೋಗಿದ್ದ ಮುದುಕಿ, ಕಟ್ಟಿದವರ ಹೆಸರು ಹೇಳುವಂತಿರಲಿಲ್ಲ.

ಕೂಡ್ಲಿಗಿಯ ನಮ್ಮ ವೃದ್ಧಾಶ್ರಮದಲ್ಲಿ ಇಂಥದ್ದೇನು ನಡೆದರೂ ನಾವು ಹೋಗುತ್ತಿದ್ದುದು ಪಕ್ಕದ ಕೋಣೆಯ ಗುರುಬಸಮ್ಮನ ಬಳಿಗೆ. ಅವಳ ಗಾಲಿಕುರ್ಚಿ ತಳ್ಳುವವನು ನಾನು, ನಾಗೇಂದ್ರಪ್ಪ, ಯೋಚಿಸುವವಳು ಅವಳು.

ಕಟ್ಟು ಬಿಚ್ಚಿ, ಗಿಡ್ಡಮ್ಮನ ಮಂಚದ ಸುತ್ತ ಎಲ್ಲರೂ ಸೇರಿದೆವು. "ಈ ಪಾಳಿ ಚೌಡಕ್ಕಂದು. ಆಕಿನ ಕಟ್ಯಾಳ. ಇವತ್ತ ಕೆಲಸದಿಂದ ತೆಗಿತೀನಿ," ಎಂದ ವ್ಯವಸ್ಥಾಪಕ ಸೋಮಶೇಖರ್. "ನಾನಂತೂ ಬೆಳಗ್ಗಿಂದ ಆಫೀಸ್ ಬಿಟ್ಟು ಎದ್ದಿಲ್ಲ."

"ಗಂಜಿ ತರಾಕ ಹೋಗಿದ್ನಿರೀ ಸಾಹೇಬ್ರ," ಎಂದಳು ಆರೈಕೆಯ ಚೌಡಕ್ಕ.

"ಕ್ಯಾಮೆರಾದಾಗ ಏನೈತಿ ತೋರ್ಸು," ಎಂದಳು ಗುರುಬಸಮ್ಮ.

ಸೋಮಶೇಖರ್ ನಕ್ಕ. "ಸೀರಿ ಬದಲಿಸೋದು ಕಾಣ್ತೈತಿ, ಮುಖ-ಮೈ ಬ್ಯಾಡ ಅಂತ ಧರಣಿ ಕುಂತೋರು ನೀವ. ಈಗ ಬರೀ ಗೆರಿ ನೋಡ್ರಿ!"

"ಮೈ ನಮ್ಮದು ತಮ್ಮಾ. ಹಚ್ಚು."

ಆ ಕ್ಯಾಮೆರಾ ಮನುಷ್ಯರನ್ನು ಬರೀ ಗೆರೆಗಳಾಗಿ ತೋರಿಸುವಂಥದ್ದು. ಮೊಬೈಲ್ ಪರದೆಯಲ್ಲಿ ಬಿಳಿ ಗೆರೆಗಳ ಆಕೃತಿಯೊಂದು ಒಳಬಂತು. ಮುಖವಿಲ್ಲ, ಬಟ್ಟೆಯಿಲ್ಲ. ಮಂಚಕ್ಕೆ ಬಗ್ಗುವ ಮುನ್ನ ಅದರ ಎಡಗೈ ಎದೆಗೆ ಹೋಯಿತು. ಆಮೇಲೆ ಕಟ್ಟಿತು. ಆಚೆ ಬದಿಗೆ ಹೋಗಿ ಬಗ್ಗುವಾಗಲೂ ಹಾಗೆಯೇ.

ಗುರುಬಸಮ್ಮನ ಕನ್ನಡಕ ಜಾರಿ ಬಿತ್ತು. ಸೋಮಶೇಖರ್ ಎಡಗೈ ಎದೆಗೊತ್ತಿ, ಬಗ್ಗಿ ಎತ್ತಿಕೊಟ್ಟ.

"ಬೇಕಂತ ಕೆಡವಿದೆ," ಎಂದಳು ಅವಳು. "ಕೊರಳಾಗ ಲಿಂಗದ ಕರಡಿಗಿ ಇದ್ದೋರು ಬಗ್ಗಾಗ, ಅದು ತೂಗಾಡಬಾರ್ದಂತ ಕೈ ತಾನಾ ಎದಿಗೆ ಹೋಗ್ತೈತಿ. ನನ್ನ ಕೈನೂ ಹೋಗ್ತೈತಿ. ಆದ್ರ ನನಗ ಎದ್ದು ನಿಲ್ಲಾಕ ಆಗಂಗಿಲ್ಲ. ಆ ಗೆರಿ ನಡದು ಬಂದೈತಿ. ಚೌಡಕ್ಕ ನಿತ್ಯ ಬಗ್ಗೋದೂ ಇದರಾಗ ಐತಿ. ಆಕಿ ಎರಡೂ ಕೈ ನೆಟ್ಟಗ ಮಂಚಕ್ಕ ಹೋಗ್ತಾವ. ಇಲ್ಲಿ ಕರಡಿಗಿ ಕಟ್ಟೋರು ನಾವಿಬ್ಬರ, ಸೋಮಶೇಖರಾ."

ನಮ್ಮ ಬೆತ್ತಲೆಯನ್ನು ಮುಚ್ಚಿಟ್ಟ ಆ ನಾಲ್ಕು ಗೆರೆಗಳು ಅವನ ಸುಳ್ಳನ್ನು ಮುಚ್ಚಿರಲಿಲ್ಲ. ದೇವರನ್ನು ಜೋಪಾನ ಮಾಡಿದ ಕೈಯೇ ಮುದುಕಿಯನ್ನು ಕಟ್ಟಿತ್ತು.

ಸೋಮಶೇಖರನ ಮುಖ ಕಪ್ಪಿಟ್ಟಿತು. "ಹೌದ್ರೀ, ಕಟ್ಟೀನಿ! ಗ್ಲೂಕೋಸ್ ಸೂಜಿ ಕಿತ್ತು ಒಗಿತಾಳ. ಹತ್ತು ಮಂದಿಗೆ ಒಬ್ಬಾಕಿ ಇದ್ರ ಯಾರು ಕಾಯ್ಬೇಕು?" ಬಿಚ್ಚಿಟ್ಟಿದ್ದ ಪಟ್ಟಿಯನ್ನು ಚೌಡಕ್ಕನ ಕೈಗೆ ತುರುಕಿದ. "ಕೆಲಸ ಉಳೀಬೇಕಂದ್ರ ನೀನ ಕಟ್ಟು."

ಚೌಡಕ್ಕ ಪಟ್ಟಿಯನ್ನು ನೆಲಕ್ಕೆ ಬಿಟ್ಟಳು. ಮಂಚದಂಚಿಗೆ ಕುಳಿತು ಗಿಡ್ಡಮ್ಮನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಕಟ್ಟಂಗಿಲ್ಲ."