ಚಿಪ್ಪಿನ ಒಳಗೋಡೆಯ ಬರಹ

"ಈ ಒಡಕು ಚಿಪ್ಪನ್ನ ಮರಳಿಗೆ ಒತ್ತಬೇಡ," ಎಂದ ಅಚ್ಚಿನ ಮುದುಕ. "ಅಳತೆ ಮಾತ್ರ ತಗೊ. ಮರದಲ್ಲಿ ಹೊಸ ಅಚ್ಚು ಕೆತ್ತಿಕೊಡ್ತೀನಿ. ಹದಿನೈದು ದಿನ ತಾಳ್ಕೊ."

ಎರಕದವನು ಆ ಕಾರ್ಖಾನೆಗೆ ಬಂದು ಮೂರು ವಾರವೂ ಆಗಿರಲಿಲ್ಲ. ಹಳೆಯ ಕಾರುಗಳಿಗೆ ಎಲ್ಲೂ ಸಿಗದ ಬಿಡಿಭಾಗಗಳನ್ನು ಮಾಡಿಕೊಡುವ ಜಾಗ ಅದು. ಅವನ ಅಂಗೈಯಲ್ಲಿದ್ದದ್ದು ಎಂಬತ್ತು ವರ್ಷದ ಕಾರೊಂದರ ನೀರಿನ ಪಂಪಿನ ಚಿಪ್ಪು. ಎಂಜಿನ್ನಿನ ಕಾವು ಹೀರಿದ ನೀರನ್ನು ರೇಡಿಯೇಟರಿಗೆ ತಳ್ಳುವ ಪಂಪಿಗೆ ಅದೇ ಕವಚ. ಅಂಚಿನಿಂದ ಅಂಚಿಗೆ ಸೀಳಿತ್ತು.

"ಬೆರಳು ಹಾಕಿ ಒಳಗೋಡೆ ಮುಟ್ಟು," ಎಂದ ಮುದುಕ.

ಮುಟ್ಟಿದ. ಸಾಲುಸಾಲಾಗಿ ಉಬ್ಬಿದ ಸಣ್ಣ ಗೆರೆಗಳು, ಅಕ್ಷರದಂತಿದ್ದರೂ ಅಕ್ಷರವಲ್ಲ. ಚಿಪ್ಪಿನ ಹೊಟ್ಟೆ ಟೊಳ್ಳಾಗಿರಲೆಂದು ಅಚ್ಚಿನೊಳಗೆ ಇಡುವ ಮರಳಿನ ತಿರುಳಿನ ಮೇಲೆ, ಎರೆಯುವ ಮೊದಲು ಯಾರೋ ಗೀರಿದ್ದಾರೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು.

"ಆ ಕಾರಿನ ಡ್ರೈವರ್ ರೇಡಿಯೇಟರ್ ಮುಚ್ಚಳ ತೆಗೆದಾಗ ಕುದಿಯೋ ನೀರು ಮುಖಕ್ಕೆ ಹೊಡೀತಂತೆ. ಯಜಮಾನ ಮೊದಲು ಎಂಜಿನ್ ತಣ್ಣಗೆ ಮಾಡಿಸಿದ, ಆಮೇಲೆ ಇವನನ್ನ ಆಸ್ಪತ್ರೆಗೆ ಸೇರಿಸಿದ. ಉಳೀಲಿಲ್ಲ. ಆ ಡ್ರೈವರ್ ಹೆಂಡತಿ ಇಲ್ಲೇ ತಿರುಳು ಕಟ್ತಿದ್ದಳು. ಅದೇ ಕಾರಿಗೆ ಹೊಸ ಚಿಪ್ಪು ಎರೆಯೋ ದಿನ ಕೂದಲ ಪಿನ್ನಿನಲ್ಲಿ ಇದನ್ನ ಗೀರಿದಳು. ಈ ಎಂಜಿನ್ನನ್ನ ಯಾರು ತಂಪಾಗಿಡ್ತಾರೋ, ಇದರ ಕಾವು ಅವರ ಮನೆಗೆ ಹೋಗಲಿ ಅಂತ."

"ಹೋಯ್ತಾ?" ಎರಕದವನು ನಗುತ್ತಲೇ ಕೇಳಿದ.

"ಎರೆದಿದ್ದು ನಮ್ಮಪ್ಪ. ನನ್ನ ತಂಗಿ ಜ್ವರದಲ್ಲಿ ಹೋದಳು. ಅಪ್ಪನೇ ಸುತ್ತಿಗೆ ತಗೊಂಡು ಇದನ್ನ ಸೀಳಿದ. ಅವತ್ತಿಂದ ಆ ಕಾರು ಓಡಿಲ್ಲ."

"ಅಜ್ಜ, ಎಂಜಿನ್ನಿನ ಕಾವು ರೇಡಿಯೇಟರಿಂದ ಗಾಳಿಗೆ ಹೋಗುತ್ತೆ. ವಿಳಾಸ ಹುಡುಕ್ಕೊಂಡು ಮನೆಗೆ ಬರೋಕೆ ಅದೇನು ಪೋಸ್ಟ್‌ಮ್ಯಾನಾ?"

ಮುದುಕ ಉಳಿ ಎತ್ತಿಕೊಂಡು ತನ್ನ ಮರದ ಕಡೆ ತಿರುಗಿದ. ಮರುದಿನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾಲ್ಕು ದಿನ ರಜೆ ಹಾಕಿ ಹೋದ.

ಎರಕದವನಿಗೆ ಅಷ್ಟು ಸಾಕಾಯಿತು. ಸೀಳಿಗೆ ಮೇಣ ತುಂಬಿದ. ಕಬ್ಬಿಣ ಆರುವಾಗ ಕುಗ್ಗುತ್ತದಲ್ಲ, ಆ ಲೆಕ್ಕಕ್ಕೆ ಹಳೆಯ ಚಿಪ್ಪಿನ ಮೈಗೆ ಮೂರು ಪದರ ತೆಳು ಕಾಗದ ಅಂಟಿಸಿದ. ಅದನ್ನೇ ಅಚ್ಚು ಮಾಡಿ ಮರಳಿಗೆ ಒತ್ತಿದ. ತಿರುಳನ್ನೂ ಆ ಚಿಪ್ಪಿನ ಹೊಟ್ಟೆಯಲ್ಲೇ ತುಂಬಿ, ಒಣಗಿಸಿ ತೆಗೆದ. ಗೆರೆಗಳು ತಿರುಳಿನ ಮೇಲೆ ಒಂದೂ ಬಿಡದೆ ಮೂಡಿದ್ದವು. ಕರಣೆಯಿಂದ ಒಮ್ಮೆ ಸವರಿದ್ದರೆ ಅಳಿಸಿಹೋಗುತ್ತಿದ್ದವು. ಸವರಲಿಲ್ಲ. ಹೆದರಿ ಸವರಿದ ಅಂತ ನಾಳೆ ಮುದುಕ ಹೇಳಬಾರದಲ್ಲ ಎಂದುಕೊಂಡ.

ಮನೆಯಲ್ಲಿ ಅವನಿಗಿದ್ದದ್ದು ಅಕ್ಕ ಒಬ್ಬಳೇ. ಅವನಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಗ ಹದಿನೇಳರ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತವಳು ಇನ್ನೂ ಎದ್ದಿರಲಿಲ್ಲ. ಅವನನ್ನು ಸಾಕುವ ಭರದಲ್ಲಿ ಮದುವೆಯನ್ನೂ ಮರೆತಳು. ನಾಲಿಗೆ ಮಾತ್ರ ಅವಳ ಕತ್ತರಿಗಿಂತ ಚುರುಕು.

"ಮೈಯೆಲ್ಲ ಸುಟ್ಟ ಮರಳಿನ ವಾಸನೆ," ಎನ್ನುತ್ತಿದ್ದಳು ದಿನಾ ಸಂಜೆ. "ನಿನಗೆ ಹೆಣ್ಣು ಕೊಡೋರು ಮೂಗು ಮುಚ್ಕೊಂಡೇ ಬರಬೇಕು ಕಣೋ."

ಎರೆದ ಹೊಸ ಚಿಪ್ಪು ಅದ್ಭುತವಾಗಿ ಬಂತು. ಒಂದು ಗುಳ್ಳೆಯಿಲ್ಲ, ಒಂದು ರಂಧ್ರವಿಲ್ಲ. ಕಾರಿನ ಈಗಿನ ಒಡೆಯ, ಮೃದು ಮಾತಿನ ಹಲ್ಲಿನ ಡಾಕ್ಟರು, ಕಾರನ್ನು ಎಳೆಸಿಕೊಂಡು ಬಂದರು. ಪಂಪು ಕೂರಿಸಿದ ಮೇಲೆ ನಡುಮಧ್ಯಾಹ್ನ ಅಂಗಳದಲ್ಲಿ ಎಂಜಿನ್ ನಲವತ್ತು ನಿಮಿಷ ಓಡಿತು. ಕಾವಿನ ಸೂಜಿ ಮೇಲೇಳಲೇ ಇಲ್ಲ. ಎರಕದವನು ಪಂಪಿನ ಮೇಲೆ ಅಂಗೈ ಇಟ್ಟ. ಬಿಸಿ ಇರಬೇಕಾದ ಕಬ್ಬಿಣ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ಆಗಲೇ ಪಕ್ಕದ ಮನೆಯಾಕೆಯ ಫೋನು. ಅಕ್ಕ ಹೊಲಿಗೆ ಯಂತ್ರದ ಮೇಲೆಯೇ ಬಿದ್ದಿದ್ದಾಳಂತೆ, ಮೈ ಕೆಂಡವಾಗಿದೆಯಂತೆ. ಅವನು ಓಡಿದ. ಅಷ್ಟರಲ್ಲಿ ಡಾಕ್ಟರು ಎಂಜಿನ್ ನಿಲ್ಲಿಸಿದ್ದರು, ಮನೆಯಲ್ಲಿ ಅಕ್ಕ ಎದ್ದು ಕೂತು ನೀರು ಕುಡಿಯುತ್ತಿದ್ದಳು. ಹಣೆ ಮುಟ್ಟಿದರೆ ಬಿಸಿಯಿಲ್ಲ. ಆದರೆ ಕೋಣೆಯ ತುಂಬ ಕಾದ ತುಕ್ಕಿನ ವಾಸನೆ, ಅದರ ಹಿಂದೆ ಸುಟ್ಟ ಎಣ್ಣೆಯ ಘಾಟು.

"ಸೆಕೆಗೆ ಹಾಗಾಯ್ತು," ಎಂದಳು ಅಕ್ಕ. "ನೀನ್ಯಾಕೆ ಹೀಗೆ ಬಿಳಿಚಿಕೊಂಡಿದ್ದೀಯ?"

ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮುದುಕ ಮರುದಿನ ಕೆಲಸಕ್ಕೆ ಬಂದ. ಓಡಿಸಿ ನೋಡಿದ ಮೇಲೆ ಪರೀಕ್ಷೆಗೆಂದು ಬಿಚ್ಚಿಟ್ಟಿದ್ದ ಪಂಪನ್ನು ತಡವಿ, ಒಳಗೆ ಬೆರಳಾಡಿಸಿದ. ಗೆರೆಗಳು ಬೆರಳಿಗೆ ತಾಗಿದವು.

"ಒಡೆದುಹಾಕು."

"ನಾಳೆ ಬೆಳಿಗ್ಗೆ ಹಳೇ ಕಾರುಗಳೆಲ್ಲ ಸೇರ್ಕೊಂಡು ಬೆಟ್ಟ ಹತ್ತುತ್ತವೆ, ಅಜ್ಜ. ಡಾಕ್ಟರಿಗೆ ಮಾತು ಕೊಟ್ಟಿದ್ದೀನಿ."

"ನಿಮ್ಮ ಮನೇಲಿ ಯಾರಿದ್ದಾರೆ?"

ಎರಕದವನು ಪಂಪನ್ನು ಮುದುಕನ ಕೈಯಿಂದ ತೆಗೆದುಕೊಂಡ. ಅವನಿಗೆ ಅನುಮಾನ ಬಂದಿರಲಿಲ್ಲ ಎಂದರೆ ಸುಳ್ಳಾದೀತು. ಬಂದಿತ್ತು. ಆದರೆ ಇಂಥ ಎರಕ ಹಿಂದೆಂದೂ ಅವನ ಕೈಯಿಂದ ಬಂದಿರಲಿಲ್ಲ, ಅದರ ಮೇಲೆ ಸುತ್ತಿಗೆ ಎತ್ತಲು ಅವನಿಗೆ ಮನಸ್ಸಾಗಲಿಲ್ಲ. ಒಂದು ದಿನ ಓಡಲಿ, ಆಮೇಲೆ ನೋಡೋಣ ಎಂದುಕೊಂಡು ಪಂಪು ಮತ್ತೆ ಜೋಡಿಸಿ ಕಳಿಸಿಕೊಟ್ಟ.

ಕಾರು ಹೊರಟದ್ದು ಬೆಳಿಗ್ಗೆ ಒಂಬತ್ತಕ್ಕೆ. ಹತ್ತರ ತನಕ ಅವನು ಮರಳು ಜರಡಿ ಹಿಡಿದ. ಕೈ ಓಡಲಿಲ್ಲ. ಜರಡಿ ಬಿಸಾಡಿ ಮನೆಗೆ ನಡೆದ. ನಡಿಗೆ ಓಟವಾಯಿತು.

ಬಾಗಿಲು ತೆರೆದಿತ್ತು. ಕಿಟಕಿಗಳೂ ತೆರೆದಿದ್ದವು. ಆದರೂ ಒಳಗೆ ಕತ್ತಲು, ಗಾಜಿನ ಮೇಲೆಲ್ಲ ಹಬೆ. ಗೋಡೆಯಿಂದ ನೀರು ಇಳಿಯುತ್ತಿತ್ತು. ಅಕ್ಕ ನೆಲದ ಮೇಲೆ. ಪಕ್ಕದ ಮನೆಯಾಕೆ ಒದ್ದೆ ಬಟ್ಟೆ ಹಣೆಗಿಡುತ್ತಿದ್ದಳು. ಇಟ್ಟದ್ದು ಇಟ್ಟಂತೆ ಒಣಗುತ್ತಿತ್ತು. ಅಕ್ಕನ ಎದೆಯೊಳಗಿಂದ ಸದ್ದು. ನರಳಿಕೆಯಲ್ಲ. ಒಂದೇ ಸಮನೆ, ಗುರ್ ಗುರ್ ಎಂದು. ಏರು ಹತ್ತುವ ಎಂಜಿನ್ನಿನ ಸದ್ದು.

ಫೋನು ಹಚ್ಚಿದ. ಡಾಕ್ಟರು ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಅಕ್ಕನ ತುಟಿ ಬಿರಿಯಿತು. ಮತ್ತೆ. ಸದ್ದು ಜೋರಾಯಿತು. ಮತ್ತೆ.

"ಹೇಳಿ," ಎಂದರು ಡಾಕ್ಟರು. ದನಿ ಹಿಗ್ಗಿತ್ತು. "ಅರ್ಧ ಬೆಟ್ಟ ಹತ್ತಿದ್ದೀವಿ. ಸೂಜಿ ಅಲ್ಲಾಡಿಲ್ಲ ನೋಡಿ. ಎಂಥ ಕೈ ರೀ ನಿಮ್ಮದು."

"ಎಂಜಿನ್ ನಿಲ್ಲಿಸಿ."

"ಯಾಕೆ?"

"ನನ್ನ ಎರಕದಲ್ಲಿ ದೋಷ ಇದೆ. ಒಡೆಯುತ್ತೆ."

"ಇನ್ನು ಹತ್ತು ನಿಮಿಷಕ್ಕೆ ಮೇಲಿರ್ತೀವಿ..."

"ಈಗಲೇ ನಿಲ್ಲಿಸಿ. ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸಿ."

ಫೋನಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಅಕ್ಕನ ಎದೆಯ ಸದ್ದೂ ನಿಂತಿತು. ಆಮೇಲೆ ಉಸಿರಾಟ ಮಾತ್ರ ಉಳಿಯಿತು, ತೆಳ್ಳಗೆ.

ಅವಳನ್ನು ಆಸ್ಪತ್ರೆಗೆ ಸೇರಿಸಿ ಅವನು ಬೆಟ್ಟಕ್ಕೆ ಹೋದ. ಮುದುಕನೂ ಜೊತೆಗೆ ಬಂದ, ನಾನು ಮೊದಲೇ ಹೇಳಿರಲಿಲ್ಲವಾ ಎಂದು ಒಂದು ಮಾತೂ ಆಡಲಿಲ್ಲ. ರಸ್ತೆಯ ಬದಿಯಲ್ಲೇ ಪಂಪು ಬಿಚ್ಚಿದರು. ಎರಕದವನು ಕಲ್ಲಿನ ಮೇಲಿಟ್ಟು ಹೊಡೆದ. ಒಳ್ಳೆಯ ಎರಕ, ಬೇಗ ಒಡೆಯಲಿಲ್ಲ. ಜೊತೆಗೆ ತಂದಿದ್ದ ಹಳೆಯ ಚಿಪ್ಪನ್ನೂ ಅಲ್ಲೇ ಪುಡಿ ಮಾಡಿದ. ಗೆರೆಯಿದ್ದ ಚೂರುಗಳನ್ನು ಇಬ್ಬರೂ ಕೂತು ಅರದಿಂದ ಉಜ್ಜಿದರು. ಅವನು ಉಜ್ಜುತ್ತಲೇ ಅತ್ತ.

ಮೂರನೆಯ ದಿನ ಅಕ್ಕ ಕಣ್ಣು ಬಿಟ್ಟಳು. ಜೀವಕ್ಕೇನೂ ಭಯವಿಲ್ಲ, ಆದರೆ ಅಷ್ಟು ಜ್ವರ ತಲೆಗೇರಿದರೆ ಏನೇನು ಸುಟ್ಟಿರುತ್ತದೆ ಎಂದು ಹೇಳಲಾಗದು ಎಂದಿದ್ದರು ವೈದ್ಯರು. ಅವನು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನ ಕೈಮೇಲಿನ ಸುಟ್ಟ ಕಲೆಗಳನ್ನು ನೋಡಿದಳು. ಕನಿಕರದಿಂದ ನಕ್ಕಳು.

"ಪಾಪ, ನನ್ನ ನೋಡ್ಕೊಳ್ಳೋಕೆ ಆಗಿಂದ ಇಲ್ಲೇ ಕೂತಿದ್ದೀರಿ," ಎಂದಳು. "ಹೊರಡಿ ಇನ್ನು. ನಿಮ್ಮ ಮನೇಲಿ ಯಾರಾದರೂ ಕಾಯ್ತಿರ್ತಾರೆ."