ತಟ್ಟುಪಟ್ಟಿ ಮತ್ತು ಶಾಂಭವಿಯ ಒಡಪು

ಶಾಂಭವಿ ಬಾಯಿ ತೆರೆದಳೋ ಇಲ್ಲವೋ, ಮಣಿಕಟ್ಟಿನ ತಟ್ಟುಪಟ್ಟಿ ಚುರುಕಾಯಿತು. ಆಡಲಿರುವ ಇಟಾಲಿಯನ್ ಪದವನ್ನು ಮೊದಲೇ ಊಹಿಸಿ, ಉಚ್ಚಾರದ ತುಂಡುಗಳಾಗಿ ಒಡೆದು, ತುಂಡಿಗೊಂದರಂತೆ ಚರ್ಮದ ಮೇಲೆ ತಟ್ಟುವುದು ಅದರ ಕೆಲಸ. ಒತ್ತು ಬೀಳುವ ತುಂಡಿಗೆ ಮಾತ್ರ ಜೋರು ತಟ್ಟು.

“ಆ-ಬಿ-ತ-ನೊ. ‘ವಾಸವಾಗಿದ್ದಾರೆ’ ಅಂತ. ಒತ್ತು ಮೊದಲಿಗೇ! ನೀ ಮತ್ತ ‘ತ’ದ ಮ್ಯಾಲೆ ಕುಂತಿ ನೋಡು,” ಎಂದು ನಕ್ಕರು ಅವಳ ಚಿಕ್ಕಮ್ಮ ಗಿರಿಜಾ. ಧಾರವಾಡದ ಪ್ರಯೋಗಾಲಯದಲ್ಲಿ ಪಟ್ಟಿಯನ್ನು ಕಂಡುಹಿಡಿದ ವಿಜ್ಞಾನಿ ಅವರೇ.

“ನಾವು ಎಲ್ಲಾ ಅಕ್ಷರಕ್ಕೂ ಒಂದಽ ತೂಕ ಹಾಕೋ ಮಂದಿ, ಚಿಗವ್ವಾ. ಇವರ ಕ್ರಿಯಾಪದ ನೋಡಿದ್ರ, ‘ನಾವು’ ಅಂದಾಗ ಒತ್ತು ಕಡೀ ಹತ್ರ, ‘ಅವರು’ ಅಂದ್ರ ಹಿಂದಕ್ಕ ಜಿಗೀತದ. ಹಟಮಾರಿ ಆಕಳ ಕರಾ ಇದ್ದಂಗ!”

ಆ ೨೦೬೧ರಲ್ಲಿ ಕಿವಿಗೆ ಹಾಕುವ ಅನುವಾದಯಂತ್ರಗಳಿಗೇನೂ ಬರವಿರಲಿಲ್ಲ. ಆದರೆ ಶಾಂಭವಿ ಕೈಹಿಡಿಯಲಿರುವ ಇಟಲಿಯ ವರ ದಾವಿದೆಯನ್ನು ಸಾಕಿ ಬೆಳೆಸಿದ ಒರ್ನೆಲ್ಲಾ ಅಜ್ಜಿ ಅವನ್ನು ಮುಟ್ಟಲೊಲ್ಲಳು. ಮದುವೆಗೆಂದು ಧಾರವಾಡಕ್ಕೆ ಬಂದಿದ್ದಳು, ನಿಜ. ಮೊಮ್ಮಗ ಕೈತಪ್ಪಿಹೋದ ಎಂಬ ಸಪ್ಪೆ ಮುಖ ಮಾತ್ರ ಬದಲಾಗಿರಲಿಲ್ಲ. ಹೊಸ್ತಿಲಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಪದ್ಯ ಇದೆಯಲ್ಲ, ಒಡಪು, ಅದರಲ್ಲಿ ಅಜ್ಜಿಯ ಹೆಸರನ್ನೂ ಅವಳ ಭಾಷೆಯಲ್ಲೇ ಹೇಳಬೇಕೆಂದು ಶಾಂಭವಿ ಪಣ ತೊಟ್ಟಿದ್ದಳು.

ಮದುವೆಯ ದಿನ ಗಿರಿಜಾ ತಾವೇ ಮುಂದೆ ನಿಂತು ಅವಳ ಎರಡೂ ಕೈತುಂಬ ಹಸಿರು ಬಳೆ ಇಡಿಸಿದರು. ಅಡ್ಡ ಬಂದ ಪಟ್ಟಿಯನ್ನು ಬಿಚ್ಚಿದವರೂ ಅವರೇ. ಎಂಥ ವಿಜ್ಞಾನಿಯಾದರೇನು, ಮದುವೆ ಮನೆಯ ಚಿಗವ್ವ!

ವರನ ಬಿಡಾರದ ಬಾಗಿಲಿಗೆ ಹೆಂಗಸರು ಅಡ್ಡ ನಿಂತರು. “ಹೆಸರ ಹೇಳವಾ, ಇಲ್ಲಾಂದ್ರ ಒಳಗ ಬಿಡಂಗಿಲ್ಲ!”

ಶಾಂಭವಿ ಮಣಿಕಟ್ಟು ಮುಟ್ಟಿ ನೋಡಿಕೊಂಡಳು. ಬರೀ ಬಳೆಗಳು. “ಚಿಗವ್ವಾ, ಪಟ್ಟಿ?”

“ಅಯ್ಯ ಶಿವನಽ! ಬಳಿಗಾರನ ಬುಟ್ಟ್ಯಾಗ ಉಳೀತು!”

ಬೇರೆ ದಾರಿಯಿಲ್ಲದೆ ಅವಳು ಇಟಾಲಿಯನ್ನಿನಲ್ಲಿ ಶುರುಮಾಡಿದಳು. “ನನ್ನ ಎದೆಯೊಳಗೆ…” ಎಂಬಲ್ಲಿಗೆ ಸುಸೂತ್ರ. ಮುಂದಿನದು ಅದೇ ಪದ. “ಅಬಿ… ಅಬಿತಾ…” ನಾಲಗೆ ಸಿಕ್ಕಿಕೊಂಡಿತು, ಕಣ್ಣು ತುಂಬಿತು.

ಒಳಗಿದ್ದ ಒರ್ನೆಲ್ಲಾ ಅಜ್ಜಿ ಹೆಂಗಸರನ್ನು ಸರಿಸಿ ಬಂದಳು. ಶಾಂಭವಿಯ ಅಂಗೈ ಬಿಡಿಸಿ ಬೆರಳಿಂದ ತಟ್ಟಿದಳು. ಮೊದಲು ಗಟ್ಟಿಯಾಗಿ, ಆಮೇಲೆ ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ.

“ಆ-ಬಿ-ತ-ನೊ!” ಎಂದಳು ಶಾಂಭವಿ. ಉಳಿದದ್ದೂ ಇಟಾಲಿಯನ್ನಿನಲ್ಲೇ ಸರಾಗ ಬಂತು. “ನನ್ನ ಎದೆಯೊಳಗೆ ವಾಸವಾಗಿದ್ದಾರೆ ದಾವಿದೆ, ಮತ್ತೆ ಅವನನ್ನು ಬೆಳೆಸಿದ ಒರ್ನೆಲ್ಲಾ ಅಜ್ಜಿ!”

ಅಜ್ಜಿ ಅವಳನ್ನು ಬಾಚಿ ತಬ್ಬಿಕೊಂಡ ರಭಸಕ್ಕೆ ಬಳೆಗಳೆಲ್ಲ ಝಲ್ಲೆಂದವು. ಅತ್ತದ್ದು ಯಾರು, ನಕ್ಕದ್ದು ಯಾರು, ಒಂದೂ ತಿಳಿಯದಷ್ಟು ಗದ್ದಲ.

ಅಂದಿನಿಂದ ಗಿರಿಜಾ ಒಂಟಿ ಪಟ್ಟಿ ಮಾಡುವುದನ್ನೇ ಬಿಟ್ಟರು. ಹೊಸ ತಟ್ಟುಪಟ್ಟಿ ಜೋಡಿಯಲ್ಲೇ ಬರುತ್ತದೆ: ಒಂದು ಕಲಿಯುವವರ ಕೈಗೆ, ಇನ್ನೊಂದು ಕಲಿಸುವವರ ಕೈಗೆ; ಇವರು ತಟ್ಟಿದ್ದು ಅವರಿಗೆ ತಾಕುತ್ತದೆ. ಊಹಿಸುವ ಯಂತ್ರವನ್ನು ತೆಗೆದುಹಾಕಿದ್ದಾರೆ. “ಹಿಂದಕ್ಕ ಹೊಂಟೀರಲ್ರೀ!” ಎಂದು ಜೊತೆಯವರು ರೇಗಿಸಿದರೆ ಅವರಿಗೆ ನಗುವೋ ನಗು.

ಇದೆಲ್ಲ ಇನ್ನೂ ನಡೆಯಬೇಕಾದ ಮುಂದಿನ ಮಾತು. ಈಗ, ಈ ಹೊತ್ತಿನಲ್ಲಿ, ಯಾವುದೋ ಮನೆಯಲ್ಲಿ ಯಾರೋ ಕೂಸಿನ ಬೆನ್ನು ತಟ್ಟುತ್ತ “ಅವ್ವ, ಅಪ್ಪ” ಹೇಳಿಸುತ್ತಿದ್ದಾರೆ. ನಮ್ಮ ಮಾತು ಶುರುವಾದದ್ದೂ ಹಾಗೆಯೇ. ನಮಗೆ ನೆನಪಿಲ್ಲ, ಅಷ್ಟೆ.